ಹಬ್ಬಕ್ಕೆ ಅತ್ತೆಯವರ ಹಳೆಯ ಬ್ರೋಚುಗಳನ್ನು ಉಡುಗೊರೆಯಾಗಿ ಕೊಡಬಹುದೇ?

ಸರಸ್ವತೀಪುರಂ ಸೊಸೆ
ಎಲ್ಲರಿಗೂ ನಮಸ್ಕಾರ. ದೀಪಾವಳಿ ಹತ್ತಿರವಾಗುತ್ತಿದೆ, ಅದರ ಬೆನ್ನಿಗೇ ಕ್ರಿಸ್‌ಮಸ್, ಸಂಕ್ರಾಂತಿ ಬರುತ್ತವೆ. ಈಚಿನ ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಹಬ್ಬದ ಉಡುಗೊರೆ ಎಂದರೆ ಒಣಹಣ್ಣಿನ ಡಬ್ಬಿ, ಇಲ್ಲವೇ ಫೋನಿನಲ್ಲಿ ಆರ್ಡರ್ ಮಾಡಿ ನೇರವಾಗಿ ಅವರವರ ಮನೆಗೇ ಕಳುಹಿಸಿಬಿಡುವ ಒಂದು ಪೊಟ್ಟಣ ಎಂಬಂತಾಗಿದೆ. ವಾರ ಕಳೆಯುವಷ್ಟರಲ್ಲಿ ಕೊಟ್ಟವರಿಗೂ ನೆನಪಿರುವುದಿಲ್ಲ, ಪಡೆದವರಿಗೂ ನೆನಪಿರುವುದಿಲ್ಲ. ಈ ಸಲ ಹಾಗಾಗಬಾರದು ಎಂಬ ಆಸೆ ನನ್ನದು.

ತೀರಿಹೋದ ನಮ್ಮ ಅತ್ತೆಯವರು ಸೀರೆಯ ಸೆರಗಿಗೆ ಬ್ರೋಚ್ ಹಾಕದೆ ಮನೆಯಿಂದ ಹೊರಗೆ ಕಾಲಿಟ್ಟವರಲ್ಲ. ಅವರ ಗಂಧದ ಪೆಟ್ಟಿಗೆಯಲ್ಲಿ ನಾಲ್ಕು ಬ್ರೋಚುಗಳಿವೆ. ಒಂದು ಬೆಳ್ಳಿ ತಂತಿಯ ಹೆಣಿಗೆಯ ನವಿಲು, ಪೂರ್ತಿ ಕಪ್ಪಾಗಿದೆ. ಇನ್ನೊಂದು ಚಿನ್ನದ ಅಡ್ಡಪಟ್ಟಿ, ನಡುವೆ ಮೂರು ಕೆಂಪು, ಎರಡು ತುದಿಯಲ್ಲೂ ಒಂದೊಂದು ಮುತ್ತು. ಮತ್ತೊಂದು ಬಣ್ಣಬಣ್ಣದ ಗಾಜಿನ ಹರಳಿನ ಹೂವು; ಓರೆಯಾಗಿ ಹಿಡಿದರೆ ಹರಳುಗಳ ಮೇಲೆ ಕಾಮನಬಿಲ್ಲಿನ ಬಣ್ಣ ಓಡುತ್ತದೆ. ಕೊನೆಯದು ಕಂದು ಬಣ್ಣದ ಚಿಪ್ಪಿನ ಮೇಲೆ ಬಿಳಿಯಾಗಿ ಹೆಣ್ಣಿನ ಮುಖ ಕೆತ್ತಿರುವ ಅಂಡಾಕಾರದ ಬ್ರೋಚು.

ಇವನ್ನು ನನ್ನ ಇಬ್ಬರು ನಾದಿನಿಯರಿಗೆ, ನನ್ನ ಮಗಳಿಗೆ, ಮತ್ತು ಅತ್ತೆಯವರ ಜೊತೆ ಅಡುಗೆಮನೆಯಲ್ಲಿ ವರ್ಷಗಟ್ಟಲೆ ದುಡಿದ ನಮ್ಮ ಮನೆಯ ಗೌರಮ್ಮನವರಿಗೆ (ಹೆಸರು ಬದಲಿಸಿದ್ದೇನೆ) ಹಬ್ಬದ ಉಡುಗೊರೆಯಾಗಿ ಕೊಡಬೇಕೆಂದಿದ್ದೇನೆ. ಬಳಸಿದ ವಸ್ತುವನ್ನು ಹಬ್ಬದ ದಿನ ಕೊಡಬಹುದೇ? ಕೊಡುವ ಮೊದಲು ರಿಪೇರಿ, ಪಾಲಿಶ್ ಮಾಡಿಸಬೇಕೇ? ಯಾರಿಗೆ ಯಾವುದು ಎಂದು ತೀರ್ಮಾನಿಸುವುದು ಹೇಗೆ? ತಿಳಿದವರು ದಯವಿಟ್ಟು ಹೇಳಿ.

ಶ್ರೀರಂಗಪಟ್ಟಣ ಓದುಗ
ಖಂಡಿತ ಕೊಡಿ. ಇಂಥ ಉಡುಗೊರೆ ಪಡೆಯುವುದಕ್ಕೆ ಪುಣ್ಯ ಮಾಡಿರಬೇಕು.

ಮಂಡ್ಯದ ಮೇಷ್ಟ್ರು
ಅಮ್ಮಾ, ನಿಮ್ಮ ಆಸೆ ಒಳ್ಳೆಯದೇ, ಆದರೆ ನನ್ನದೊಂದು ತಕರಾರಿದೆ. ಇಂದಿನ ಹೆಣ್ಣುಮಕ್ಕಳಲ್ಲಿ ದಿನವೂ ಸೀರೆ ಉಡುವವರೇ ಕಡಿಮೆ, ಉಟ್ಟರೂ ಸೆರಗಿಗೆ ಸೇಫ್ಟಿ ಪಿನ್ ಸಾಕು. ನೀವು ಪ್ರೀತಿಯಿಂದ ಕೊಟ್ಟ ಬ್ರೋಚು ಅವರ ಬೀರುವಿನಲ್ಲಿ ಬೀಳುತ್ತದೆ, ನಿಮ್ಮ ಪೆಟ್ಟಿಗೆಯಿಂದ ಅವರ ಪೆಟ್ಟಿಗೆಗೆ ಹೋದಂತಾಯಿತು, ಅಷ್ಟೇ. ಚಿನ್ನದ್ದನ್ನು ಕರಗಿಸಿ ನಾಲ್ಕು ಜನಕ್ಕೂ ಸಮನಾಗಿ ಒಂದೊಂದು ಓಲೆ ಮಾಡಿಸಿಕೊಡಿ. ದಿನವೂ ಕಿವಿಯಲ್ಲಿರುತ್ತದೆ, ದಿನವೂ ಅತ್ತೆಯವರ ನೆನಪೂ ಇರುತ್ತದೆ. ಉಡುಗೊರೆ ಪಡೆದವರಿಗೆ ಉಪಯೋಗವಾಗಬೇಕಲ್ಲವೇ?

ಅಶೋಕ ರಸ್ತೆ ಅಕ್ಕಸಾಲಿ
ಮೇಷ್ಟ್ರೇ, ಕರಗಿಸುವ ಮಾತನ್ನು ಮಾತ್ರ ಹೇಳಬೇಡಿ. ನಾನು ಇದೇ ಕಸುಬಿನವನು, ತಂದೆಯ ಕಾಲದಿಂದ ಅಶೋಕ ರಸ್ತೆಯ ಸುತ್ತಮುತ್ತ ಕೆಲಸ ಮಾಡಿಕೊಂಡು ಬಂದವನು. ಅಡ್ಡಪಟ್ಟಿಯ ಬ್ರೋಚುಗಳಲ್ಲಿ ಚಿನ್ನ ಇರುವುದೇ ಸ್ವಲ್ಪ, ತೆಳ್ಳಗಿನ ತಗಡಿನ ಕೆಲಸ. ಕರಗಿಸಿದರೆ ಹಳೆಯ ಬೆಸುಗೆಯ ಪಾಲು ಕಳೆಯಬೇಕು, ಕೆಂಪಿನ ಕೆಳಗೆ ತುಂಬಿರುವ ಅರಗು ತೂಕದಿಂದ ಹೋಗುತ್ತದೆ, ಆಮೇಲೆ ಹೊಸ ಒಡವೆಗೆ ಮಜೂರಿ, ಸವಕಲು, ತೆರಿಗೆ ಎಲ್ಲವನ್ನೂ ಕೊಡಬೇಕು. ನಾಲ್ಕು ಜೊತೆ ಓಲೆಗೆ ನೀವು ಕೈಯಿಂದಲೇ ಹಾಕಬೇಕಾದೀತು. ಆ ಕೈಗೆಲಸವನ್ನು ಮತ್ತೆ ಮಾಡಿಸೋಣವೆಂದರೆ, ಕೆಂಪನ್ನು ಹಾಗೆ ಮುಚ್ಚಿದ ಕಟ್ಟಿನಲ್ಲಿ, ಅಂದರೆ ಹರಳಿನ ಹಿಂಬದಿ ಕಾಣದಂತೆ, ಕೂರಿಸುವವರು ಈಗ ಊರಿನಲ್ಲಿ ಬೆರಳೆಣಿಕೆಯಷ್ಟು ಜನ ಇದ್ದಾರೆ.

ಸೊಸೆಯಮ್ಮನವರು ಅದನ್ನು ತಿರುಗಿಸಿ ನೋಡಿ ಒಂದು ವಿಷಯ ಹೇಳಲಿ. ಹಿಂಬದಿಯ ಸೂಜಿ ಬರಿಯ ಕೊಂಡಿಯಲ್ಲಿ ಕೂರುತ್ತದೆಯೋ, ಅಥವಾ ಉರುಳಿಸಿ ಮುಚ್ಚುವ ಬೀಗ ಇದೆಯೋ? ಸೂಜಿಯ ತುದಿ ಬ್ರೋಚಿನ ಅಂಚನ್ನು ದಾಟಿ ಹೊರಗೆ ಬಂದಿದೆಯೋ?

ಸರಸ್ವತೀಪುರಂ ಸೊಸೆ
ಚಿನ್ನದ್ದಕ್ಕೆ ಬರಿಯ ಕೊಂಡಿ ಇದೆ, ಸೂಜಿಯೂ ಸ್ವಲ್ಪ ಹೊರಗೆ ಚಾಚಿದೆ. ಕೆತ್ತಿದ ಮುಖ ಇರುವುದೂ ಹಾಗೆಯೇ ಇದೆ. ಗಾಜಿನ ಹೂವಿಗೆ ಉರುಳುವ ಬೀಗ ಇದೆ. ನವಿಲಿನ ಸೂಜಿ ಮುರಿದಿದೆ, ಕೀಲು ಮಾತ್ರ ಉಳಿದಿದೆ.

ಅಶೋಕ ರಸ್ತೆ ಅಕ್ಕಸಾಲಿ
ಹಾಗಾದರೆ ಮೊದಲಿನ ಎರಡು ಬಹಳ ಹಳೆಯವು ಇರಬಹುದು. ಉರುಳುವ ಬೀಗ 20ನೆಯ ಶತಮಾನದ ಆರಂಭದ ದಶಕಗಳಲ್ಲಿ ಬಳಕೆಗೆ ಬಂದದ್ದು. ಅದಕ್ಕೂ ಹಿಂದಿನವುಗಳಲ್ಲಿ ಅರ್ಧಚಂದ್ರದಂತಹ ಬರಿಯ ಕೊಂಡಿ ಇರುತ್ತಿತ್ತು, ಸೂಜಿ ಜಾರಬಾರದೆಂದು ಉದ್ದವಾಗಿ ಬಿಡುತ್ತಿದ್ದರು. ಆದರೆ ಇದೊಂದನ್ನೇ ನಂಬಬೇಡಿ, ಹಳೆಯ ಮಾದರಿಯ ಕೊಂಡಿಯನ್ನು ಆಮೇಲೂ ಹಾಕುತ್ತಿದ್ದರು, ಹಳೆಯ ಬ್ರೋಚಿಗೆ ಹೊಸ ಬೀಗ ಹಾಕಿಸಿಕೊಂಡವರೂ ಇದ್ದಾರೆ.

ಹಳೇ ಫೋಟೋ ಸಂಗ್ರಾಹಕ
ಕಾಮನಬಿಲ್ಲಿನ ಬಣ್ಣ ಓಡುವ ಹರಳು ಎಂದಿರಿ, ಅದರಿಂದಲೂ ಕಾಲ ಹೇಳಬಹುದು. ಗಾಜಿನ ಮೇಲೆ ಲೋಹದ ಅತಿ ತೆಳುವಾದ ಲೇಪ ಕೊಟ್ಟು ಆ ಬಣ್ಣ ಬರಿಸುವ ವಿಧಾನವನ್ನು ಆಸ್ಟ್ರಿಯಾದ ಸ್ವರೋವ್ಸ್ಕಿಯವರು 1950ರ ದಶಕದ ಮಧ್ಯದಲ್ಲಿ ಮಾರುಕಟ್ಟೆಗೆ ತಂದರು. ಆದ್ದರಿಂದ ನಿಮ್ಮ ಹೂವು ಅದಕ್ಕಿಂತ ಹಳೆಯದಾಗಿರಲಾರದು. ಹಿಂಬದಿಯಲ್ಲಿ ಅಚ್ಚು ಏನಾದರೂ ಇದೆಯೇ ನೋಡಿ. ಚೆಕೊಸ್ಲೊವಾಕಿಯಾ ಎಂದು ಇದ್ದರೆ ಅದು 1918ರ ನಂತರದ್ದು, ಏಕೆಂದರೆ ಆ ದೇಶ ಹುಟ್ಟಿದ್ದೇ ಆ ವರ್ಷ. 'ಆಕ್ರಮಿತ ಜಪಾನ್' ಎಂದಿದ್ದರೆ ಎರಡನೆಯ ಮಹಾಯುದ್ಧದ ಮರುವರ್ಷಗಳದ್ದು, 1952ಕ್ಕಿಂತ ಈಚಿನದಲ್ಲ.

ಕೆತ್ತಿದ ಮುಖದ್ದು ಕ್ಯಾಮಿಯೋ. ಸಮುದ್ರದ ದೊಡ್ಡ ಚಿಪ್ಪಿನಲ್ಲಿ ಬಿಳಿಯ ಪದರ, ಕಂದು ಪದರ ಒಂದರ ಮೇಲೊಂದು ಇರುತ್ತವೆ. ಬಿಳಿಯದನ್ನು ಮುಖದ ಆಕಾರಕ್ಕೆ ಉಳಿಸಿಕೊಂಡು ಸುತ್ತಲೂ ಕೊರೆದು ತೆಗೆದರೆ ಕಂದು ಹಿನ್ನೆಲೆ ಕಾಣಿಸುತ್ತದೆ. ಇಟಲಿಯಲ್ಲಿ ನೇಪಲ್ಸ್ ಹತ್ತಿರದ ಟೋರೆ ಡೆಲ್ ಗ್ರೇಕೊ ಎಂಬ ಊರು ಈ ಕೆತ್ತನೆಗೆ ಹೆಸರಾದದ್ದು. ಕಿಟಕಿಯ ಬೆಳಕಿಗೆ ಅಡ್ಡ ಹಿಡಿದರೆ ಚಿಪ್ಪು ಅರೆಪಾರದರ್ಶಕವಾಗಿ ಹೊಳೆಯುತ್ತದೆ, ಹಿಂಬದಿಯಲ್ಲಿ ಸ್ವಲ್ಪ ಹಳ್ಳ ಬಿದ್ದಿರುತ್ತದೆ. ಪ್ಲಾಸ್ಟಿಕ್ ಆಗಿದ್ದರೆ ಹಿಂಬದಿ ಸಾಮಾನ್ಯವಾಗಿ ಸಪಾಟಾಗಿರುತ್ತದೆ, ಮುಖದ ಅಂಚುಗಳು ಅಚ್ಚಿನಲ್ಲಿ ತೆಗೆದಂತೆ ಮೊಂಡಾಗಿರುತ್ತವೆ.

ಮದ್ದೂರಿನ ಮಗಳು
ನಮ್ಮವರು ಬ್ರೋಚ್ ಹಾಕುವುದನ್ನು ಆಂಗ್ಲರಿಂದ ಕಲಿತರೇ? ನಮ್ಮ ಅಜ್ಜಿಯ ಮದುವೆಯ ಫೋಟೋದಲ್ಲೂ ಭುಜದ ಮೇಲೆ ಒಂದು ಇದೆ.

ಹಳೇ ಫೋಟೋ ಸಂಗ್ರಾಹಕ
ಅರ್ಧ ಹೌದು, ಅರ್ಧ ಅಲ್ಲ. ಬಟ್ಟೆಯನ್ನು ಲೋಹದ ಸೂಜಿಯಿಂದ ಸಿಕ್ಕಿಸುವುದು ಯೂರೋಪಿನಲ್ಲಿ ಕಂಚಿನ ಯುಗದಷ್ಟು ಹಳೆಯದು. ನಮ್ಮಲ್ಲಿ ಒಡವೆಯನ್ನು ಬಟ್ಟೆಗೆ ಸಿಕ್ಕಿಸುವ ಅಭ್ಯಾಸ ರಾಜರ ಪೇಟದಲ್ಲಿತ್ತು, ಕಲ್ಗಿ ತುರಾಯಿಗಳೆಲ್ಲ ಅದೇ ಜಾತಿಯವು. ಸೀರೆಗೆ ಬ್ರೋಚು ಬಂದದ್ದು ರವಿಕೆಯ ಜೊತೆಗೆ ಸೀರೆ ಉಡುವ ಹೊಸ ಕ್ರಮ ಹರಡಿದ ಮೇಲೆ. ಕವಿ ರವೀಂದ್ರರ ಅಣ್ಣ ಸತ್ಯೇಂದ್ರನಾಥ ಟಾಗೋರರ ಪತ್ನಿ ಜ್ಞಾನದಾನಂದಿನಿ ದೇವಿ 1860ರ ದಶಕದಲ್ಲಿ ಮುಂಬಯಿಯಲ್ಲಿದ್ದಾಗ ಪಾರ್ಸಿ ಹೆಂಗಸರು ಉಡುವ ರೀತಿಯನ್ನು ನೋಡಿ, ಸೆರಗನ್ನು ಎಡಭುಜದ ಮೇಲೆ ತರುವ ಕ್ರಮವನ್ನು ಬಂಗಾಳಕ್ಕೆ ಒಯ್ದರು. ಅಲ್ಲಿನ ಸುಧಾರಣಾ ಪಂಥವಾದ ಬ್ರಹ್ಮಸಮಾಜದ ಮನೆಗಳಲ್ಲಿ ಅದು ಹಬ್ಬಿತು, ಭುಜದ ಮೇಲೆ ಸೆರಗು ನಿಲ್ಲುವುದಕ್ಕೆ ಬ್ರೋಚು ಬೇಕಾಯಿತು. ಮುಂದೆ ಓದಿದ ಹೆಣ್ಣುಮಕ್ಕಳ ಗುರುತೇ ಅದಾಯಿತು. 1881ರಲ್ಲಿ ಮೈಸೂರಿನಲ್ಲಿ ಮಹಾರಾಣಿಯವರ ಹೆಸರಿನ ಹೆಣ್ಣುಮಕ್ಕಳ ಶಾಲೆ ಆರಂಭವಾದ ಮೇಲೆ ನಮ್ಮ ಕಡೆಯೂ ಓದು ಬಂತು, ಉಡುಪೂ ಬದಲಾಯಿತು. ನನ್ನ ಬಳಿ ಇರುವ ಶಿಕ್ಷಕಿಯರ ಗುಂಪು ಫೋಟೋಗಳಲ್ಲಿ ಕೊರಳಲ್ಲಿ ಒಂದೆಳೆ ಸರ ಮಾತ್ರ ಇರುವವರ ಭುಜದ ಮೇಲೂ ಬ್ರೋಚು ಇದ್ದೇ ಇದೆ. ಅವರು ಅದನ್ನು ತಮ್ಮ ಸಂಬಳದಿಂದ ಕೊಂಡಿರಬೇಕು ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ. ಮದುವೆಯಲ್ಲಿ ಬಂದ ಒಡವೆಗೂ ಹಾಗೆ ಕೊಂಡ ಒಡವೆಗೂ ಬಹಳ ವ್ಯತ್ಯಾಸವಿದೆ.

ಲಕ್ಷ್ಮೀಪುರಂ ಅಜ್ಜಿ
ಮೇಲಿನವರು ಹೇಳಿದ್ದು ಅಕ್ಷರಶಃ ನಿಜ. ನಾನು ಶಾಲೆಯಲ್ಲಿ ಪಾಠ ಹೇಳಲು ಸೇರಿದ ಮೇಲೆ ಮೊದಲು ಕೊಂಡದ್ದು ಒಂದು ಬೆಳ್ಳಿಯ ಪಿನ್ನು. ಮನೆಯಲ್ಲಿ ಯಾರನ್ನೂ ಕೇಳದೆ ಕೊಂಡ ಮೊದಲ ಒಡವೆ ಅದೇ.

ಇನ್ನು ಶಾಸ್ತ್ರದ ವಿಚಾರ. ಬಳಸಿದ್ದನ್ನು ಹಬ್ಬಕ್ಕೆ ಕೊಡಬಾರದು ಎಂಬ ಮಾತು ಬಟ್ಟೆಗೆ, ಬಾಗಿನದ ಸಾಮಾನಿಗೆ ಸರಿ. ಗೌರಿ ಬಾಗಿನದ ಮೊರದಲ್ಲಿ ಇಡುವ ಬಳೆ, ಬಿಚ್ಚೋಲೆ, ಕನ್ನಡಿ, ಬಾಚಣಿಗೆ, ರವಿಕೆ ಕಣ ಎಲ್ಲವೂ ಹೊಸದೇ ಆಗಬೇಕು. ಆದರೆ ಒಡವೆಗೆ ಆ ನಿಯಮ ಎಂದೂ ಇರಲಿಲ್ಲ. ದಸರಾ ಗೊಂಬೆಯನ್ನೇ ನೋಡಿ. ಪಟ್ಟದ ಗೊಂಬೆಯನ್ನು ತಾಯಿ ಮದುವೆಯಲ್ಲಿ ಮಗಳಿಗೆ ಕೊಡುತ್ತಾಳೆ, ಎಷ್ಟೋ ಮನೆಗಳಲ್ಲಿ ಅದು ಅಜ್ಜಿಯ ಕಾಲದ್ದೇ ಆಗಿರುತ್ತದೆ, ಹಳೆಯದಾದಷ್ಟೂ ಅದಕ್ಕೆ ಗೌರವ ಹೆಚ್ಚು. ಅದನ್ನು ಹಳೆಯದೆಂದು ಯಾರೂ ಬೇಡ ಎನ್ನುವುದಿಲ್ಲ. ಸೂಜಿಯ ವಿಷಯದಲ್ಲಿ ಮಾತ್ರ ನಮ್ಮ ಕಡೆ ಒಂದು ನಂಬಿಕೆ ಇದೆ. ಸಂಜೆ ದೀಪ ಹಚ್ಚಿದ ಮೇಲೆ ಸೂಜಿ ಕೊಡುವುದಿಲ್ಲ. ಬೆಳಿಗ್ಗೆ, ಅರಿಶಿನ ಕುಂಕುಮದ ಜೊತೆ ತಟ್ಟೆಯಲ್ಲಿಟ್ಟು ಕೊಡಿ, ಕೈಯಿಂದ ಕೈಗೆ ಬೇಡ. ನಂಬದವರ ಮನಸ್ಸಿಗೂ ಅದರಿಂದ ನೋವಿಲ್ಲ, ನಂಬುವವರ ಮನಸ್ಸಿಗೂ ಸಮಾಧಾನ.

ಮಂಡ್ಯದ ಮೇಷ್ಟ್ರು
ಅಮ್ಮನವರೇ, ಪಟ್ಟದ ಗೊಂಬೆಯ ಮಾತು ಒಪ್ಪಿದೆ. ಆದರೆ ಅದು ವರ್ಷಕ್ಕೊಮ್ಮೆಯಾದರೂ ಪೆಟ್ಟಿಗೆಯಿಂದ ಹೊರಗೆ ಬಂದು ಪಟ್ಟದಲ್ಲಿ ಕೂರುತ್ತದೆ. ಬ್ರೋಚಿಗೆ ಅಂಥ ದಿನ ಯಾವುದು?

ಬನ್ನಿಮಂಟಪದ ಟೀಚರ್
ಆ ದಿನವನ್ನು ನಾವೇ ಗೊತ್ತುಮಾಡಿಕೊಳ್ಳಬಹುದು ಮೇಷ್ಟ್ರೇ. ನಮ್ಮ ಮನೆಯಲ್ಲಿ ಕ್ರಿಸ್‌ಮಸ್ ಹಿಂದಿನ ರಾತ್ರಿ ಸಂತ ಫಿಲೋಮಿನಾ ಚರ್ಚಿನ ಪೂಜೆಗೆ ಹೊರಡುವಾಗ ನನ್ನ ತಾಯಿಯ ಬ್ರೋಚನ್ನು ಯಾರಾದರೂ ಒಬ್ಬರು ಹಾಕಿಕೊಳ್ಳಬೇಕು ಎಂದು ನಾವು ಮೂವರು ಅಕ್ಕತಂಗಿಯರು ಒಪ್ಪಂದ ಮಾಡಿಕೊಂಡಿದ್ದೇವೆ. ಒಂದು ವರ್ಷ ನನ್ನದು, ಮರುವರ್ಷ ಅಕ್ಕನದು, ಅದರ ಮರುವರ್ಷ ತಂಗಿಯದು. ಹಾಕಿಕೊಂಡವರು ಆ ವರ್ಷ ಪೂರ್ತಿ ಅದನ್ನು ಇಟ್ಟುಕೊಂಡು, ಮುಂದಿನ ಡಿಸೆಂಬರಿನಲ್ಲಿ ಕುಸ್ವಾರ್ (ಕ್ರಿಸ್‌ಮಸ್ ತಿಂಡಿಗಳು) ತಟ್ಟೆಯ ಜೊತೆ ಮುಂದಿನವರಿಗೆ ತಲುಪಿಸಬೇಕು. ಹಬ್ಬದ ತಿಂಡಿಯನ್ನು ನೆರೆಮನೆಗಳಿಗೆ ಹಂಚುವುದು ನಮ್ಮಲ್ಲಿ ಮೊದಲಿನಿಂದ ಇದ್ದದ್ದೇ, ಅದರ ಜೊತೆಗೆ ಇದೂ ಸೇರಿಕೊಂಡಿತು. ಬ್ರೋಚು ಗಿಲೀಟಿನದು, ಮಾರಿದರೆ ಒಂದು ಕೇಕಿನ ಬೆಲೆಯೂ ಬರುವುದಿಲ್ಲ. ಆದರೂ ಅದರ ಸರದಿಯನ್ನು ನಾವು ಯಾರೂ ಮರೆತಿಲ್ಲ.

ನಾಲ್ಕು ಜನಕ್ಕೆ ಹಂಚುವುದು ಕಷ್ಟವಾದರೆ, ಸರದಿಯಲ್ಲಿ ಒಬ್ಬರಿಂದ ಒಬ್ಬರಿಗೆ ಹೋಗುವಂತೆ ಒಂದನ್ನಾದರೂ ಇಡಿ.

ಶ್ರೀರಂಗಪಟ್ಟಣ ಓದುಗ
ಟೀಚರ್, ಇದು ತುಂಬ ಹಿಡಿಸಿತು. ನಮ್ಮ ಮನೆಯ ಹಳೆಯ ಕೈಗಡಿಯಾರಕ್ಕೂ ಹೀಗೆಯೇ ಮಾಡುತ್ತೇನೆ.

ಕುವೆಂಪುನಗರ ವಕೀಲೆ
ಎಲ್ಲರೂ ಉಡುಗೊರೆಯ ಬಗ್ಗೆ ಮಾತನಾಡುತ್ತಿದ್ದೀರಿ, ನಾನು ಅದಕ್ಕೂ ಹಿಂದಿನ ಪ್ರಶ್ನೆ ಕೇಳುತ್ತೇನೆ. ಈ ಬ್ರೋಚುಗಳು ಯಾರವು? ಅತ್ತೆಯವರು ಉಯಿಲು ಬರೆಯದೆ ತೀರಿಕೊಂಡಿದ್ದರೆ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 15ನೆಯ ಕಲಮಿನ ಪ್ರಕಾರ ಅವರ ಸ್ವಂತ ಆಸ್ತಿ ಮೊದಲಿಗೆ ಗಂಡ, ಗಂಡುಮಕ್ಕಳು ಮತ್ತು ಹೆಣ್ಣುಮಕ್ಕಳಿಗೆ ಸಮನಾಗಿ ಹೋಗುತ್ತದೆ. ಒಡವೆಯೂ ಅದರಲ್ಲಿ ಸೇರಿತು. ಸೊಸೆಗೆ ಅದರಲ್ಲಿ ನೇರವಾದ ಹಕ್ಕು ಇಲ್ಲ. ಅಂದರೆ ನಿಮ್ಮ ನಾದಿನಿಯರಿಗೆ ನೀವು ಕೊಡಲು ಹೊರಟಿರುವುದರಲ್ಲಿ ಅವರ ಪಾಲೂ ಇದೆ. ಅವರದನ್ನೇ ಅವರಿಗೆ ಉಡುಗೊರೆ ಎಂದು ಕೊಟ್ಟರೆ, ಬಾಯಿ ಬಿಟ್ಟು ಹೇಳದಿದ್ದರೂ ಮನಸ್ಸಿನಲ್ಲಿ ಉಳಿಯುತ್ತದೆ. ಸಣ್ಣ ಸಣ್ಣ ಒಡವೆಗಳಿಗಾಗಿ ಮಾತು ಬಿಟ್ಟ ಅಕ್ಕತಂಗಿಯರನ್ನು ನನ್ನ ಕಸುಬಿನಲ್ಲಿ ಬಹಳ ನೋಡಿದ್ದೇನೆ. ಜಗಳ ಎಂದೂ ಚಿನ್ನದ ತೂಕದ ಬಗ್ಗೆ ಇರುವುದಿಲ್ಲ, 'ನನ್ನನ್ನು ಒಂದು ಮಾತು ಕೇಳಲಿಲ್ಲ' ಎಂಬುದರ ಬಗ್ಗೆ ಇರುತ್ತದೆ.

ಮಂಡ್ಯದ ಮೇಷ್ಟ್ರು
ವಕೀಲಮ್ಮನವರು ಹೇಳಿದ್ದು ನೂರಕ್ಕೆ ನೂರು ಸರಿ. ಪಾಲು ಬೇರೆ, ಉಡುಗೊರೆ ಬೇರೆ.

ವಿವಿ ಮೊಹಲ್ಲಾ ಹುಡುಗ
ಇದೆಲ್ಲ ಅತಿಯಾಯಿತು ಎಂದು ನನಗೆ ಅನ್ನಿಸುತ್ತದೆ. ಹಬ್ಬಕ್ಕೆ ಒಂದು ಪಿನ್ನು ಕೊಡುವುದಕ್ಕೂ ಕಾಯಿದೆ ಪುಸ್ತಕ ತೆಗೆಯಬೇಕೇ? ಪ್ರೀತಿಯಿಂದ ಕೊಟ್ಟದ್ದನ್ನು ಪ್ರೀತಿಯಿಂದ ತೆಗೆದುಕೊಳ್ಳುತ್ತಾರೆ.

ಕುವೆಂಪುನಗರ ವಕೀಲೆ
ತಮ್ಮಾ, ಪುಸ್ತಕ ತೆಗೆಯಿರಿ ಎನ್ನಲಿಲ್ಲ, ಫೋನ್ ತೆಗೆದು ನಾದಿನಿಯರಿಗೆ ಒಂದು ಕರೆ ಮಾಡಿ ಎಂದೆ. ಪ್ರೀತಿಗೆ ಅದರಿಂದ ಏನೂ ಕಡಿಮೆಯಾಗುವುದಿಲ್ಲ.

ಸರಸ್ವತೀಪುರಂ ಸೊಸೆ
ಮೇಡಂ, ಈ ವಿಷಯ ಎತ್ತಿದ್ದಕ್ಕೆ ಧನ್ಯವಾದ. ಮಾವನವರು ಅತ್ತೆಗಿಂತ ಮೊದಲೇ ಹೋದರು. ಅತ್ತೆಯ ವರ್ಷಾಬ್ದಿಕದ ದಿನ ಯಜಮಾನರು ತಂಗಿಯರಿಬ್ಬರನ್ನೂ ಕೂರಿಸಿಕೊಂಡು ಬಳೆ, ಸರಗಳನ್ನು ಹಂಚಿಕೊಂಡಾಗ ಈ ಪೆಟ್ಟಿಗೆಯನ್ನು ನನ್ನ ಮುಂದೆ ಇಟ್ಟು, 'ಅತ್ತಿಗೆ, ಇದು ನಿಮ್ಮ ಬಳಿ ಇರಲಿ, ಅಮ್ಮನ ಭುಜಕ್ಕೆ ದಿನವೂ ಸಿಕ್ಕಿಸಿದವರು ನೀವೇ' ಎಂದು ನಾದಿನಿಯರೇ ಹೇಳಿದರು. ಅತ್ತೆಯವರಿಗೆ ಕೊನೆಯ ವರ್ಷಗಳಲ್ಲಿ ಬೆರಳು ಸೊಟ್ಟಗಾಗಿ ಕೊಂಡಿ ಹಾಕಲು ಆಗುತ್ತಿರಲಿಲ್ಲ, ನಾನೇ ಹಾಕುತ್ತಿದ್ದೆ. ಆದ್ದರಿಂದಲೇ ಅವು ನನ್ನ ಪೆಟ್ಟಿಗೆಯಲ್ಲೇ ಉಳಿಯಬಾರದು ಎಂದು ನನಗೆ ಅನ್ನಿಸಿದ್ದು.

ಕುವೆಂಪುನಗರ ವಕೀಲೆ
ಹಾಗಿದ್ದರೆ ನನ್ನ ತಕರಾರು ಏನೂ ಇಲ್ಲ. ಆ ಮಾತು ಆಡಿದ ನಾದಿನಿಯರಿಗೆ ಏನು ಕೊಟ್ಟರೂ ಸಲ್ಲುತ್ತದೆ.

ಇನ್ನೊಂದು ಸಂಗತಿ. ಇವರಲ್ಲಿ ಯಾರಾದರೂ ಹೊರದೇಶದಲ್ಲಿ ಇದ್ದರೆ ಎಚ್ಚರಿಕೆ ಇರಲಿ. ನೂರು ವರ್ಷಕ್ಕಿಂತ ಹಳೆಯ ಕಲಾವಸ್ತುಗಳನ್ನು ಖಾಸಗಿಯವರು ದೇಶದ ಹೊರಗೆ ಕಳುಹಿಸುವುದನ್ನು 1972ರ ಪುರಾತನ ವಸ್ತುಗಳ ಕಾಯಿದೆ ತಡೆಯುತ್ತದೆ. ಕೊಂಡಿ ನೋಡಿ ಕಾಲ ಹೇಳಿದ ಅಕ್ಕಸಾಲಿಯವರ ಮಾತು ನಿಜವಾದರೆ ಆ ಎರಡು ಬ್ರೋಚುಗಳನ್ನು ಅಂಚೆಯಲ್ಲೋ ಕೊರಿಯರ್‌ನಲ್ಲೋ ಹೊರದೇಶಕ್ಕೆ ಕಳುಹಿಸಲು ಹೋಗಬೇಡಿ. ಮೊದಲು ಪುರಾತತ್ತ್ವ ಇಲಾಖೆಯಲ್ಲಿ ವಿಚಾರಿಸಿ.

ಸರಸ್ವತೀಪುರಂ ಸೊಸೆ
ಚಿಕ್ಕ ನಾದಿನಿ ಸಿಂಗಪುರದಲ್ಲಿದ್ದಾರೆ! ಒಳ್ಳೆಯದಾಯಿತು, ಅವರಿಗೆ ಗಾಜಿನ ಹೂವು ಎಂದು ಈಗಲೇ ನಿರ್ಧಾರವಾಯಿತು.

ಮದ್ದೂರಿನ ಮಗಳು
ಹೊರದೇಶದಲ್ಲಿರುವವರಿಗೆ ಅದೇ ಸರಿ. ಕೋಟಿನ ಮೇಲೆ, ಶಾಲಿನ ಮೇಲೆ, ಕೈಚೀಲದ ಮೇಲೂ ಹಾಕಿಕೊಳ್ಳಬಹುದು. ಮೇಷ್ಟ್ರ ಮೊದಲ ಪ್ರಶ್ನೆಗೆ ನನ್ನ ಉತ್ತರವೂ ಇದೇ. ನಾನು ಸೀರೆ ಉಡುವುದು ಅಪರೂಪ, ಆದರೆ ಕಚೇರಿಗೆ ಹೋಗುವಾಗ ಕುರ್ತಾದ ಕಾಲರಿಗೆ ಅಜ್ಜಿಯ ಬ್ರೋಚು ಹಾಕುತ್ತೇನೆ. ನೋಡಿದವರು ಇದು ಎಲ್ಲಿಯದು ಎಂದು ಕೇಳದೆ ಇರುವುದಿಲ್ಲ. ನಂತರ ಅಮೆರಿಕದ ವಿದೇಶಾಂಗ ಸಚಿವೆಯಾದ ಮೆಡಲೀನ್ ಆಲ್‌ಬ್ರೈಟ್ ಅವರನ್ನು ಇರಾಕಿನ ಪತ್ರಿಕೆಯವರು ಹಾವು ಎಂದು ಜರೆದಾಗ, ಮುಂದೆ ಇರಾಕಿನ ವಿಷಯದ ಸಭೆಗೆ ಅವರು ಹಾವಿನ ಬ್ರೋಚನ್ನೇ ಹಾಕಿಕೊಂಡು ಹೋದರು. ಅಷ್ಟು ಸಣ್ಣ ವಸ್ತು ಅಷ್ಟು ದೊಡ್ಡ ಮಾತು ಹೇಳಬಲ್ಲದು.

ವಿವಿ ಮೊಹಲ್ಲಾ ಹುಡುಗ
ಗಂಡಸರು ಹಾಕಿಕೊಳ್ಳಬಹುದೇ? ನನ್ನ ಮದುವೆಗೆ ಮೈಸೂರು ಪೇಟಕ್ಕೆ ಅಮ್ಮನ ಹಳೆಯ ಬ್ರೋಚ್ ಸಿಕ್ಕಿಸಬೇಕೆಂದಿದ್ದೇನೆ.

ಅಶೋಕ ರಸ್ತೆ ಅಕ್ಕಸಾಲಿ
ಧಾರಾಳವಾಗಿ ಹಾಕಿಕೊಳ್ಳಿ. ಆದರೆ ಪೇಟದ ಜರಿಯ ಅಂಚಿಗೆ ಸೂಜಿ ಚುಚ್ಚಬೇಡಿ, ಒಳಗಿನ ಮಡಿಕೆಗೆ ಚುಚ್ಚಿ. ಜರಿಯ ಎಳೆ ಒಮ್ಮೆ ಕಿತ್ತು ಬಂದರೆ ಕೂರಿಸಲಾಗದು.

ಲಕ್ಷ್ಮೀಪುರಂ ಅಜ್ಜಿ
ಸೀರೆಗೂ ಹಾಗೆಯೇ. ಮೈಸೂರು ರೇಷ್ಮೆ ಕ್ರೇಪ್ ನವಿರಾದದ್ದು, ಭಾರದ ಬ್ರೋಚನ್ನು ನೇರವಾಗಿ ಹಾಕಿದರೆ ಜಗ್ಗಿ ಕಣ್ಣು ಬಿಡುತ್ತದೆ. ರವಿಕೆಯ ಒಳಗಡೆ ಭುಜದ ಹೊಲಿಗೆಯ ಹತ್ತಿರ ಎರಡು ಬೆರಳಗಲದ ಗಟ್ಟಿ ಬಟ್ಟೆಯ ತುಂಡು ಇಟ್ಟು, ನೆರಿಗೆ ಹಿಡಿದ ಸೆರಗು, ರವಿಕೆ, ಆ ತುಂಡು ಮೂರೂ ಸೇರುವಂತೆ ಸೂಜಿ ಹಾಯಿಸಬೇಕು. ಭಾರ ಆ ತುಂಡಿನ ಮೇಲೆ ಬೀಳುತ್ತದೆ, ಸೀರೆಯ ಮೇಲೆ ಬೀಳುವುದಿಲ್ಲ. ಉಡುಗೊರೆ ಕೊಡುವಾಗ ಡಬ್ಬಿಯಲ್ಲಿ ಅಂಥ ಒಂದೆರಡು ತುಂಡುಗಳನ್ನೂ ಇಡಿ, ಅತ್ತೆಯವರ ಹಳೆಯ ರವಿಕೆಯಿಂದಲೇ ಕತ್ತರಿಸಿದರೆ ಇನ್ನೂ ಚೆನ್ನ.

ಬನ್ನಿಮಂಟಪದ ಟೀಚರ್
ಅಜ್ಜಿಯವರ ಈ ಸಲಹೆಯನ್ನು ಬರೆದಿಟ್ಟುಕೊಂಡೆ. ಅದರ ಜೊತೆಗೆ ಒಂದು ಚೀಟಿಯನ್ನೂ ಇಡಿ. ಯಾರದು, ಎಲ್ಲಿ ಕೊಂಡದ್ದು, ಯಾವ ಸಂದರ್ಭದಲ್ಲಿ ಹಾಕುತ್ತಿದ್ದರು ಎಂದು ನಿಮ್ಮ ಕೈಬರಹದಲ್ಲಿ ಇರಲಿ. ಅತ್ತೆಯವರು ಅದನ್ನು ಹಾಕಿಕೊಂಡಿರುವ ಫೋಟೋ ಇದ್ದರೆ ಅದರ ಪ್ರತಿ ಇರಲಿ. ಚೀಟಿ ಇಲ್ಲದ ಒಡವೆ ಮುಂದಿನ ತಲೆಮಾರಿಗೆ ಯಾರದೋ ಹಳೆಯ ಪಿನ್ನು ಆಗಿಬಿಡುತ್ತದೆ, ಮೇಷ್ಟ್ರು ಹೇಳಿದ ಕರಗಿಸುವ ಯೋಚನೆ ಆಗಲೇ ಬರುವುದು.

ಹಳೇ ಫೋಟೋ ಸಂಗ್ರಾಹಕ
ಚೀಟಿಯಲ್ಲಿ ತಿಳಿದದ್ದನ್ನು ಮಾತ್ರ ಬರೆಯಿರಿ ಎಂದು ನನ್ನ ವಿನಂತಿ. ಅರಮನೆಯಿಂದ ಬಂದದ್ದು, ಮಹಾರಾಣಿಯವರು ಕೊಟ್ಟದ್ದು ಎಂಬ ಕಥೆ ಅಂಟಿಸಿಕೊಂಡ ವಸ್ತುಗಳು ಮೈಸೂರಿನಲ್ಲಿ ಲೆಕ್ಕವಿಲ್ಲದಷ್ಟಿವೆ. ಅತ್ತೆ ಹಾಕಿಕೊಂಡಿದ್ದರು ಎಂಬುದೇ ಸಾಕಾದ ಇತಿಹಾಸ.

ಮಂಡ್ಯದ ಮೇಷ್ಟ್ರು
ಇಷ್ಟೆಲ್ಲ ಓದಿದ ಮೇಲೆ ಕರಗಿಸುವ ಮಾತನ್ನು ನಾನು ಮುಂದುವರಿಸುವುದಿಲ್ಲ. ಆದರೆ ಗೌರಮ್ಮನವರ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ದುಡಿದು ತಿನ್ನುವವರಿಗೆ ಹಬ್ಬದಲ್ಲಿ ಬೇಕಾದದ್ದು ಹಣ, ಬಟ್ಟೆ. ಬೋನಸ್ ಕೊಡುವ ಜಾಗದಲ್ಲಿ ನೆನಪಿನ ಕಾಣಿಕೆ ಕೊಟ್ಟರೆ ಅದು ಕೊಟ್ಟವರ ಸಂತೋಷಕ್ಕೆ ಮಾತ್ರ ಆಗುತ್ತದೆ. ಇದನ್ನು ಬಿಡಿಸಿ ಹೇಳಲೇಬೇಕು ಅನ್ನಿಸಿತು.

ಮದ್ದೂರಿನ ಮಗಳು
ಮೇಷ್ಟ್ರೇ, ಇದನ್ನು ಒಪ್ಪುತ್ತೇನೆ, ಆದರೆ ಅರ್ಧ ಮಾತ್ರ. ನನ್ನ ತಾಯಿ ಬೇರೆಯವರ ಮನೆಯಲ್ಲಿ ಅಡುಗೆ ಮಾಡಿ ನಮ್ಮನ್ನು ಓದಿಸಿದವರು. ನಾನು ಮೇಲೆ ಹೇಳಿದ 'ಅಜ್ಜಿಯ ಬ್ರೋಚು' ನಮ್ಮ ಸ್ವಂತ ಅಜ್ಜಿಯದು ನಿಜ, ಆದರೆ ಅಮ್ಮ ಕೆಲಸ ಮಾಡುತ್ತಿದ್ದ ಮನೆಯ ಹಿರಿಯರು ತಾವು ಬಳಸುತ್ತಿದ್ದ ಬೆಳ್ಳಿಯ ಕುಂಕುಮದ ಭರಣಿಯನ್ನು ಒಂದು ಹಬ್ಬದಲ್ಲಿ ಅಮ್ಮನಿಗೆ ಕೊಟ್ಟರು. ಆ ವರ್ಷದ ಬೋನಸ್, ಸೀರೆ ಎಲ್ಲವೂ ಎಂದಿನಂತೆ ಬಂದಿತ್ತು, ಭರಣಿ ಅದರ ಮೇಲಿನದು. ಅಮ್ಮ ಕಷ್ಟಕಾಲದಲ್ಲೂ ಅದನ್ನು ಗಿರವಿ ಅಂಗಡಿಗೆ ಒಯ್ಯಲಿಲ್ಲ. ಸಲ್ಲಬೇಕಾದದ್ದು ಸಂದ ಮೇಲೆ ಕೊಟ್ಟದ್ದರಿಂದ ಅದು ಉಡುಗೊರೆಯಾಯಿತು. ಅದರ ಬದಲಿಗೆ ಕೊಟ್ಟಿದ್ದರೆ ಅಮ್ಮ ಮಾರಿಬಿಡುತ್ತಿದ್ದರು, ಮಾರಿದ್ದರೆ ಅವರದು ತಪ್ಪೂ ಆಗುತ್ತಿರಲಿಲ್ಲ.

ಮಂಡ್ಯದ ಮೇಷ್ಟ್ರು
ಮಗಳೇ, ಇದಕ್ಕೆ ನನ್ನ ಬಳಿ ಎದುರು ಮಾತಿಲ್ಲ.

ಲಕ್ಷ್ಮೀಪುರಂ ಅಜ್ಜಿ
ಗೌರಮ್ಮನವರಿಗೆ ಉಳಿದದ್ದನ್ನು ಕೊಡಬೇಡಿ, ಮೊದಲು ಅವರನ್ನೇ ಕೇಳಿ. ಪೆಟ್ಟಿಗೆ ಅವರ ಮುಂದೆ ತೆರೆದು, ಯಾವುದು ಇಷ್ಟ ಎಂದು ಕೇಳಿದರೆ, ಅತ್ತೆಯವರ ಜೊತೆ ಅಷ್ಟು ವರ್ಷ ಇದ್ದವರಿಗೆ ಅದಕ್ಕಿಂತ ಮರ್ಯಾದೆ ಬೇರೆ ಬೇಕಿಲ್ಲ.

ಸರಸ್ವತೀಪುರಂ ಸೊಸೆ
ನಿಮ್ಮ ಮಾತಿನಂತೆ ಇವತ್ತು ಬೆಳಿಗ್ಗೆ ಕೇಳಿದೆ. ಅವರು ಚಿನ್ನದ ಕಡೆ ನೋಡಲೇ ಇಲ್ಲ, ನೇರವಾಗಿ ಕಪ್ಪಾದ ನವಿಲನ್ನು ಕೈಗೆ ತೆಗೆದುಕೊಂಡರು. ಹಾಲು ಉಕ್ಕಿದ ದಿನ ಒಲೆ ಆರಿಸಲು ಓಡುವಾಗ ಬಾಗಿಲಿಗೆ ತಗುಲಿ ಅದರ ಸೂಜಿ ಮುರಿದದ್ದು, ಅವತ್ತು ಅತ್ತೆ ಬೈಯಲಿಲ್ಲ, ನಕ್ಕರು ಎಂದು ಅವರು ಹೇಳಿದ ಮೇಲೆಯೇ ನನಗೆ ಗೊತ್ತಾದದ್ದು. ನವಿಲು ಅವರಿಗೆ, ದೀಪಾವಳಿಯ ಬೋನಸ್ ಮತ್ತು ಸೀರೆ ಎಂದಿನಂತೆ ಬೇರೆ. ಚಿಕ್ಕ ನಾದಿನಿಗೆ ಗಾಜಿನ ಹೂವು. ದೊಡ್ಡ ನಾದಿನಿ ಮತ್ತು ನನ್ನ ಮಗಳ ನಡುವೆ ಚಿನ್ನದ ಪಟ್ಟಿ ಟೀಚರ್ ಹೇಳಿದಂತೆ ಸರದಿಯಲ್ಲಿ ಹೋಗಲಿ, ಗೌರಿ ಹಬ್ಬದಿಂದ ಗೌರಿ ಹಬ್ಬಕ್ಕೆ. ಮುಖ ಕೆತ್ತಿದ್ದು ಸದ್ಯಕ್ಕೆ ನನ್ನ ಬಳಿ ಇರಲಿ ಎಂದು ದೊಡ್ಡ ನಾದಿನಿಯೇ ಹಟ ಹಿಡಿದಿದ್ದಾರೆ.

ಅಕ್ಕಸಾಲಿಯವರೇ, ಈಗ ಶುಚಿ ಮಾಡುವುದು ಹೇಗೆಂದು ಹೇಳಿ. ಹುಣಸೆಹಣ್ಣಿನಲ್ಲಿ ಉಜ್ಜಿದರೆ ಆಗುತ್ತದೆಯೇ?

ಅಶೋಕ ರಸ್ತೆ ಅಕ್ಕಸಾಲಿ
ದಯವಿಟ್ಟು ಹುಣಸೆಹಣ್ಣು ಬೇಡ. ಹುಳಿ ತಗುಲಿದರೆ ಮುತ್ತಿನ ಮೇಲ್ಮೈ ಕರಗುತ್ತದೆ, ಚಿಪ್ಪಿನ ಕೆತ್ತನೆಗೂ ಅದೇ ಗತಿ, ಏಕೆಂದರೆ ಎರಡೂ ಸುಣ್ಣದ ಅಂಶದವೇ. ಚಿನ್ನದ ಪಟ್ಟಿಯನ್ನು ಅಂಟವಾಳದ ನೀರಿನಲ್ಲಿ ನೆನೆಹಾಕುವ ಅಭ್ಯಾಸ ಕೆಲವರಿಗಿದೆ, ಬರಿಯ ಚಿನ್ನಕ್ಕೆ ಅದು ಒಳ್ಳೆಯದೇ. ಆದರೆ ನಿಮ್ಮದರಲ್ಲಿ ಕೆಂಪುಗಳು ಮುಚ್ಚಿದ ಕಟ್ಟಿನಲ್ಲಿದ್ದರೆ ಅವುಗಳ ಕೆಳಗೆ ಹೊಳಪಿಗಾಗಿ ಇಟ್ಟ ತೆಳು ಹಾಳೆ ಇರುತ್ತದೆ. ನೀರು ಒಳಗೆ ಇಳಿದರೆ ಆ ಹಾಳೆ ಕಪ್ಪಾಗಿ ಕೆಂಪು ಸತ್ತಂತೆ ಕಾಣುತ್ತದೆ. ಗಾಜಿನ ಹೂವಿಗೂ ಅದೇ ಅಪಾಯ. ಹರಳಿನ ಬೆನ್ನಿಗೆ ಕನ್ನಡಿಯಂತೆ ಲೇಪ ಇರುತ್ತದೆ, ಅಂಟೂ ಹಳೆಯದಾಗಿರುತ್ತದೆ. ಇಂಥದೊಂದು ಬ್ರೋಚನ್ನು ಒಂದು ಅಂಗಡಿಯಲ್ಲಿ ನೀರಿನಲ್ಲಿ ಕಂಪನದಿಂದ ತೊಳೆಯುವ ಅಲ್ಟ್ರಾಸೋನಿಕ್ ಯಂತ್ರದಲ್ಲಿ ಹಾಕಿ ಅರ್ಧ ಹರಳು ಉದುರಿಸಿಕೊಂಡು ನನ್ನ ಬಳಿ ತಂದವರಿದ್ದಾರೆ. ನೀವು ಮೆತ್ತನೆಯ ಒಣ ಬ್ರಷ್ಷಿನಿಂದ ಧೂಳು ತೆಗೆದು, ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಹತ್ತಿ ಬಟ್ಟೆಯಿಂದ ಲೋಹವನ್ನು ಮಾತ್ರ ಒರೆಸಿ ಆರಲು ಬಿಡಿ. ಹಸಿರು ಕಿಲುಬು ಕಂಡರೆ ಹಲ್ಲುಕಡ್ಡಿಯ ತುದಿಯಿಂದ ಮೆಲ್ಲಗೆ ಎಬ್ಬಿಸಿ. ಒಂದರ ಮೇಲೊಂದು ಹಾಕಿಡಬೇಡಿ, ಬೇರೆ ಬೇರೆ ಬಟ್ಟೆಯಲ್ಲಿ ಸುತ್ತಿಡಿ.

ಚಿನ್ನದ ಶುದ್ಧತೆ ತಿಳಿಯಬೇಕೆಂದರೆ ಒರೆಗಲ್ಲಿಗೂ ಕೊಡಬೇಡಿ, ಉಜ್ಜಿದಷ್ಟೂ ಸವೆಯುತ್ತದೆ. ಹಾಲ್‌ಮಾರ್ಕಿಂಗ್ ಕೇಂದ್ರಗಳಲ್ಲಿ ಎಕ್ಸ್-ಕಿರಣದಿಂದ ಲೋಹ ಪರೀಕ್ಷಿಸುವ ಎಕ್ಸ್‌ಆರ್‌ಎಫ್ ಯಂತ್ರ ಇದೆ, ಕತ್ತರಿಸದೆ, ಕರಗಿಸದೆ ನೋಡಿ ಹೇಳುತ್ತಾರೆ.

ವಿವಿ ಮೊಹಲ್ಲಾ ಹುಡುಗ
ನವಿಲಿನ ಸೂಜಿಗೆ ಏನು ಮಾಡಬೇಕು? ಅದನ್ನೂ ಬೆಳ್ಳಗೆ ಪಾಲಿಶ್ ಮಾಡಿಸಿಬಿಟ್ಟರೆ ಹೊಸದರಂತೆ ಕಾಣುತ್ತದಲ್ಲ?

ಅಶೋಕ ರಸ್ತೆ ಅಕ್ಕಸಾಲಿ
ಬೆಳ್ಳಿ ತಂತಿಯ ಹೆಣಿಗೆ ಎಂದರೆ ಬಹುಶಃ ಒಡಿಶಾದ ಕಟಕ್ ಕಡೆಯ ತಾರಕಸಿ ಕೆಲಸ ಇರಬೇಕು, ನಮ್ಮ ಪಕ್ಕದ ತೆಲಂಗಾಣದ ಕರೀಂನಗರದಲ್ಲೂ ಇಂಥದ್ದೇ ಮಾಡುತ್ತಾರೆ. ಕೂದಲೆಳೆಯಂಥ ತಂತಿಗಳನ್ನು ಹುರಿಮಾಡಿ ಬೆಸೆದಿರುತ್ತಾರೆ, ಬ್ರಷ್ಷಿನ ಯಂತ್ರಕ್ಕೆ ಕೊಟ್ಟರೆ ರೆಕ್ಕೆಯ ಎಳೆಗಳು ಬಾಗಿಹೋಗುತ್ತವೆ. ಸಂದುಗಳಲ್ಲಿ ಸ್ವಲ್ಪ ಕಪ್ಪು ಉಳಿದರೇ ಗರಿಯ ಗೆರೆಗಳು ಎದ್ದು ಕಾಣುವುದು, ಎಲ್ಲವೂ ಬೆಳ್ಳಗಾದರೆ ಚಿತ್ರವೇ ಮಾಯವಾಗುತ್ತದೆ. ಮೇಲಿನ ಅಂಚುಗಳನ್ನು ಮಾತ್ರ ವಿಭೂತಿ ಹಚ್ಚಿದ ಬಟ್ಟೆಯಿಂದ ಕೈಯಲ್ಲಿ ಒರೆಸಿದರೆ ಸಾಕು.

ಸೂಜಿಗೆ ಸೀಸದ ಬೆಸುಗೆ ಹಾಕಲು ಯಾರಿಗೂ ಬಿಡಬೇಡಿ, ಆಮೇಲೆ ಬೆಳ್ಳಿಯ ಬೆಸುಗೆ ಅಲ್ಲಿ ಹಿಡಿಯುವುದೇ ಇಲ್ಲ. ಕೀಲು ಉಳಿದಿದೆ ಎಂದಿದ್ದೀರಿ, ಹಾಗಾದರೆ ಬೆಂಕಿ ತಾಗಿಸುವ ಅಗತ್ಯವೇ ಇಲ್ಲ, ಹಳೆಯ ಮೊಳೆ ಹೊಡೆದು ತೆಗೆದು ಹೊಸ ಸೂಜಿಯನ್ನು ಅದೇ ಕೀಲಿಗೆ ಕೂರಿಸಬಹುದು. ಸೂಜಿ ಗಟ್ಟಿ ಬೆಳ್ಳಿಯದಿರಲಿ, ಮೆತ್ತನೆಯ ಬೆಳ್ಳಿ ಹಾ ಎನ್ನುವಷ್ಟರಲ್ಲಿ ಬಾಗುತ್ತದೆ. ಹಬ್ಬದ ವಾರ ನಮ್ಮ ರಸ್ತೆಯಲ್ಲಿ ಕೆಲಸಕ್ಕೆ ಕೈ ಸಿಗದಷ್ಟು ನೂಕುನುಗ್ಗಲು ಇರುತ್ತದೆ, ಆದ್ದರಿಂದ ಈ ವಾರದಲ್ಲೇ ಯಾರಾದರೂ ನಂಬಿಕೆಯ ಕೆಲಸಗಾರರಿಗೆ ಕೊಟ್ಟು, ಎದುರಿಗೇ ಕುಳಿತು ಮಾಡಿಸಿಕೊಳ್ಳಿ.

ಸರಸ್ವತೀಪುರಂ ಸೊಸೆ
ನಾಳೆಯೇ ಗೌರಮ್ಮನವರನ್ನು ಕರೆದುಕೊಂಡು ಹೋಗುತ್ತೇನೆ. ಸೂಜಿ ಎಷ್ಟು ಉದ್ದ ಬೇಕು ಎಂದು ಅವರ ಸೀರೆಯ ಮೇಲೇ ಇಟ್ಟು ನೋಡಿ ಹೇಳುತ್ತಾರೆ.